‘ಬಂದೆ’ ಎನ್ನುವ ಯುನಿಕ್ಸು

ನಮ್ಮ ಭಾಷೆಯಲ್ಲಿ ‘ಬಂದೆ’ ಎಂಬುದರಷ್ಟು ಗೌರವಾನ್ವಿತ ಸುಳ್ಳು ಇನ್ನೊಂದಿಲ್ಲ. ವ್ಯಾಕರಣದ ಪ್ರಕಾರ ಅದು ಭೂತಕಾಲ. ಹೇಳುವವನು ಇನ್ನೂ ಲುಂಗಿಯಲ್ಲೇ ಇರುತ್ತಾನೆ. ಆದರೂ ಕೇಳಿದವರು ಯಾರೂ ಮೋಸಹೋದೆವೆಂದು ಗೋಳಾಡಿದ್ದಿಲ್ಲ. ಈಗಲೇ ಬರುವುದಿಲ್ಲ, ಬರದೆಯೂ ಇರುವುದಿಲ್ಲ ಎಂಬುದು ಅದರ ಅರ್ಥವೆಂದು ಚಾಮರಾಜನಗರದಿಂದ ಗುಂಡ್ಲುಪೇಟೆಯವರೆಗೆ ಬಸ್ಸಿನ ಕಂಡಕ್ಟರನಿಗೂ ಗೊತ್ತು. ಪಾಲಿಟೆಕ್ನಿಕ್ಕಿನಲ್ಲಿ ಕಂಪ್ಯೂಟರ್ ಪಾಠ ಹೇಳಿಯೇ ತಲೆ ನರೆಸಿಕೊಂಡ ನಾನು ಕಂಡುಕೊಂಡ ಸತ್ಯವೇನೆಂದರೆ, ಕಂಪ್ಯೂಟರನ್ನು ಒಳಗಿನಿಂದ ನಡೆಸುವ ಯುನಿಕ್ಸ್ ಕುಲದ ವ್ಯವಸ್ಥೆಗಳೂ ಇದೇ ಭಾಷೆ ಆಡುತ್ತವೆ. ‘ಈ ಪ್ರೋಗ್ರಾಮನ್ನು ಅರ್ಧ ಸೆಕೆಂಡು ಮಲಗಿಸಿ ಎಬ್ಬಿಸು’ ಎಂದರೆ, ಅದಕ್ಕಿಂತ ಮೊದಲು ಎಬ್ಬಿಸುವುದಿಲ್ಲ ಎಂದಷ್ಟೇ ಅದು ಮಾತು ಕೊಡುತ್ತದೆ. ಸರಿಯಾಗಿ ಅಷ್ಟೇ ಹೊತ್ತಿಗೆ ಎಂದು ಎಲ್ಲೂ ಹೇಳಿಲ್ಲ. ಕೊಡದ ಮಾತಿಗೆ ತಪ್ಪಿತೆಂದು ಅದನ್ನು ದೂರುವವರನ್ನು ನಾನು ಕ್ಷಮಿಸುವವನಲ್ಲ.

ಹಾಗೆ ದೂರಿದವನು ನನ್ನ ಭಾವಮೈದ ಮಾದೇಶ. ತೆರಕಣಾಂಬಿಯಲ್ಲಿ ಅರಿಶಿನ ಪುಡಿ ಮಾಡಿ ಪ್ಯಾಕೆಟ್ಟು ತುಂಬಿಸುವ ಗಿರಣಿ ಇಟ್ಟಿದ್ದಾನೆ. ಪುಡಿ ಸುರಿಯುವ ಬಾಯಿಗೊಂದು ಶಟರು; ಅದು ಹೊತ್ತಿಗೆ ಸರಿಯಾಗಿ ತೆರೆದು ಮುಚ್ಚಬೇಕು. ಅಂಗಡಿಯಿಂದ ಟೈಮರ್ ತರುತ್ತೇನೆಂದು ಹೊರಟವನನ್ನು ತಡೆದು, ಅದೇ ಕುಲದ ಲಿನಕ್ಸ್ ನಡೆಸುವ ಅಂಗೈಯಗಲದ ಕಂಪ್ಯೂಟರೊಂದನ್ನು ಕೂರಿಸಿಕೊಟ್ಟವನು ನಾನೇ. ಕೆಲವು ದಿನ ಚೆನ್ನಾಗಿಯೇ ನಡೆಯಿತು. ಆಮೇಲೆ ಶಟರು ಆಗಾಗ ತಡವಾಗಿ ಮುಚ್ಚತೊಡಗಿತು. ಕಾರಣ ನೋಡಲು ಬಗ್ಗಿದ ನನ್ನ ಮೇಲೂ ಪುಡಿ ಸುರಿಯಿತು. ಮನೆಗೆ ಬಂದರೆ ನನ್ನಾಕೆ ಬಾಗಿಲಲ್ಲೇ ತಡೆದು, “ಈ ವಯಸ್ನಲ್ಲಿ ಯಾರ್ರೀ ನಿಮ್ಗೆ ಅರಿಶಿನ ಹಚ್ಚಿ ಕೂರ್ಸಿದ್ದು?” ಎಂದಳು.

“ನಿಮ್ ಡಬ್ಬ ತೂಕಡಿಸ್ತದೆ ಬಾವ. ಟೈಮರ್ ತಂದ್ಬುಡ್ತೀನಿ, ಇದ ತಕ್ಕೊಂಡೋಗಿ,” ಎಂದ ಮಾದೇಶ, ಮರುದಿನ ಗಿರಣಿಯಲ್ಲಿ.

“ತೂಕಡಿಸೋದಲ್ಲ, ಸರದಿ ಕಾಯೋದು. ಅದರಲ್ಲಿ ಹಾಡು ಹಾಕಿದೋರು ಯಾರು?”

“ನಾನೇ. ಹಾಡಿಲ್ದೆ ಕೆಲ್ಸಕ್ಕೆ ಕೈ ಓಡಲ್ಲ.”

“ಅದಕ್ಕೇ ಮತ್ತೆ! ಯುನಿಕ್ಸ್ ಸಮದರ್ಶಿ ಕಣಯ್ಯ. ಪಂಕ್ತೀಲಿ ಕೂತೋರಿಗೆಲ್ಲ ಸರದಿ ಪ್ರಕಾರ ಬಡಿಸ್ತದೆ. ಹಾಡೂ ಒಂದೇ, ಶಟರೂ ಒಂದೇ.”

“ಪುಡಿ ನೆಲಕ್ಕೆ ಸುರೀತಿರೋವಾಗ ಸಮದರ್ಶಿ ಯಾವನ್ಗೆ ಬೇಕು ಬಾವ? ಇನ್ನೊಂದ್ಸಲ ನೋಡ್ತೀನಿ. ಸರಿಹೋಗ್ನಿಲ್ವೋ, ಡಬ್ಬ ನಿಮ್ಮನೆಗೆ!”

ನನ್ನ ಕಂಪ್ಯೂಟರನ್ನು ಒಂದು ಟೈಮರಿನ ಎದುರು ಗಡೀಪಾರು ಮಾಡುವುದೆ? ಶಟರಿಗೆ ಬೀಗರ ಮರ್ಯಾದೆ ಕೊಡುತ್ತೇನೆಂದು ಪಣ ತೊಟ್ಟೆ. ಲಿನಕ್ಸಿನಲ್ಲಿ ಅದಕ್ಕೆ ಅವಕಾಶವಿದೆ: ಯಾವ ಕೆಲಸಕ್ಕೆ ಅತ್ಯುನ್ನತ ಆದ್ಯತೆಯೋ ಅದು ಕೈತೊಳೆಯುವ ತನಕ ಮಿಕ್ಕವರಿಗೆ ಎಲೆ ಹಾಕುವುದಿಲ್ಲ. ಸಾಲದೆಂದು, ಶಟರಿನ ಪ್ರೋಗ್ರಾಮು ಮಲಗುವುದನ್ನೇ ಬಿಡಿಸಿ, ರೆಪ್ಪೆ ಬಡಿಯದೆ ಗಡಿಯಾರ ನೋಡುತ್ತಿರುವಂತೆ ಬರೆದೆ. ಬೀಗರು ಕೂತಿದ್ದರೂ ಬಡವರಿಗೆ ಒಂದು ತುತ್ತು ಉಳಿಸಬೇಕೆಂಬ ಕಟ್ಟಳೆಯೊಂದು ಲಿನಕ್ಸಿನಲ್ಲಿತ್ತು. ಬೀಗರಿಗೆ ಅವಮಾನವೆಂದು ಅದನ್ನೂ ತೆಗೆಸಿದೆ.

ಯಂತ್ರ ಶುರುವಾಯಿತು. ಹಾಡು ಪಲ್ಲವಿಯಲ್ಲೇ ಗಂಟಲು ಕಟ್ಟಿಕೊಂಡಿತು. ಶಟರು ಮಾತ್ರ ಟಕ್ ಟಕ್ ಎಂದು ತೆರೆದು ಮುಚ್ಚಿತು. ಪ್ಯಾಕೆಟ್ಟುಗಳನ್ನು ತೂಗಿದೆವು, ಒಂದೂ ತಪ್ಪಿರಲಿಲ್ಲ. ನಾನು ಮೀಸೆಯಿಲ್ಲದ ಜಾಗವನ್ನೇ ತಿರುವಿಕೊಂಡೆ. ಅಷ್ಟರಲ್ಲಿ ಖಾಲಿ ಪ್ಯಾಕೆಟ್ಟು ಮುಗಿದವು. ಶಟರು ಹೊತ್ತಿಗೆ ಸರಿಯಾಗಿ ನೆಲಕ್ಕೇ ಸುರಿಯತೊಡಗಿತು.

“ನಿಲ್ಲಿಸಯ್ಯ, ಗುಂಡಿ ಒತ್ತು!”

“ಒತ್ತೀವ್ನಿ ಬಾವ! ನಿಲ್ತಾನೇ ಇಲ್ಲ!”

ಹೇಗೆ ನಿಂತೀತು? ಆ ಗುಂಡಿಯ ಮಾತು ಕೇಳಬೇಕಾದ ಪ್ರೋಗ್ರಾಮೂ ಅದೇ ಕಂಪ್ಯೂಟರಿನಲ್ಲಿ, ಎಲೆಗಾಗಿ ಕಾಯುತ್ತ ಕೂತಿತ್ತು. ಮಾದೇಶ ಓಡಿಹೋಗಿ ಮೇನ್ ಸ್ವಿಚ್ಚನ್ನೇ ಎಳೆದ.

ಮೊಣಕಾಲುದ್ದದ ಹಳದಿಯಲ್ಲಿ ನಿಂತು ಗುಡುಗಿದೆ: “ಒಂದು ಪ್ಯಾಕೆಟ್ಟಾದರೂ ತೂಕ ತಪ್ಪಿತೇನಯ್ಯ?”

“ಇಲ್ಲ ಬಾವ. ಆದ್ರೆ ಬೀಗ್ರು ಅಂದ್ಮೇಲೆ ಒಂದ್ಸಲನಾದ್ರೂ ಎದ್ದೋಗ್ಬೇಕಲ್ವಾ?”

ಮಾದೇಶನ ಮನೆಯ ಅಳಿಯನಾದ ನನಗೆ ಆ ಮಾತು ತಾಗಬೇಕಾದ ಕಡೆಯೇ ತಾಗಿತು. ತೋರಿಸಿಕೊಳ್ಳಲಿಲ್ಲ.

ಈಗ ಅಲ್ಲಿ ಟೈಮರ್ ಕೂತಿದೆ. “ಡಬ್ಬ ಮೂಲೇಲಿ ಬಿದ್ದದೆ ಬಾವ, ಬಂದು ತಕ್ಕೊಂಡೋಗಿ,” ಎಂದು ಮಾದೇಶ ಆಗಾಗ ಫೋನು ಮಾಡುತ್ತಾನೆ. ಹೋಗಿ ತಂದರೆ ವಾದದಲ್ಲಿ ಸೋತಂತೆ. ಅದು ಈ ಜನ್ಮದಲ್ಲಿ ಆಗದ ಮಾತು. “ಬಂದೆ ಕಣಯ್ಯ,” ಎನ್ನುತ್ತೇನೆ. ಲುಂಗಿ ಬಿಗಿದುಕೊಂಡು ಕುರ್ಚಿಗೆ ಇನ್ನಷ್ಟು ಒರಗುತ್ತೇನೆ.