ಟಾಲಾದ ಸೋಫಾ ಮೇಲೆ ಅಮೆರಿಕದ ಇತಿಹಾಸ

ಮೇಷ್ಟ್ರು ಎಲ್ಲಿಗೆ ಹೋದರೂ ಫಜೀತಿ ಅವರ ಹಿಂದೆಯೇ ಬರುತ್ತದೆ. ಮಂಡ್ಯದ ಕಾಲೇಜಿನಲ್ಲಿ ನಿವೃತ್ತಿಯ ಹಾರ ಹಾಕಿಸಿಕೊಂಡ ದಿನ, ಇನ್ನು ಇವೆಲ್ಲ ಮುಗಿಯಿತು ಅಂದುಕೊಂಡಿದ್ದೆ. ಐರ್ಲೆಂಡಿಗೆ ಬಂದರೂ ಬಿಡಲಿಲ್ಲ.

ಅಲ್ಲಿನ ಟಾಲಾ ಎಂಬ ಊರಿನಲ್ಲಿರುವ ಮಗಳ ಮನೆಯಲ್ಲಿ ಮೂರು ತಿಂಗಳು ಇದ್ದುಹೋಗೋಣವೆಂದು ನಾನೂ ನನ್ನ ಹೆಂಡತಿಯೂ ಬಂದಿದ್ದೆವು. ಕೊರೋನಾ ಬಂತು, ವಿಮಾನ ನಿಂತಿತು, ನಾವೂ ನಿಂತೆವು. ಬೇಸಿಗೆ ಕಳೆದು ಶಾಲೆಗಳು ಬಾಗಿಲು ತೆರೆದಾಗ ಮನೆಯಲ್ಲಿ ಚರ್ಚೆಯೆದ್ದಿತು. ನನ್ನ ಎದೆಯಲ್ಲಿ ಸ್ಟೆಂಟ್, ಹೆಂಡತಿಗೆ ಉಬ್ಬಸ. ಮೊಮ್ಮಕ್ಕಳು ಶಾಲೆಗೆ ಹೋದರೆ ನಾವಿಬ್ಬರೂ ಮಹಡಿಯ ರೂಮಿನಲ್ಲಿ ಬಾಗಿಲು ಹಾಕಿಕೊಂಡಿರಬೇಕು, ತಟ್ಟೆ ಹೊಸ್ತಿಲ ಬಳಿ ಬರುತ್ತದೆ, ಮಕ್ಕಳನ್ನು ಕಿಟಕಿಯಿಂದ ನೋಡಬೇಕು. ಅದು ಬೇಡವೆಂದು ಮಗಳು ಮನೆಯಲ್ಲೇ ಓದಿಸುತ್ತೇನೆಂದು ಅರ್ಜಿ ಹಾಕಿದಳು. ಸರ್ಕಾರದ ಕಡೆಯ ಅಧಿಕಾರಿಯೊಬ್ಬರು ವಿಡಿಯೋ ಕಾಲಿನಲ್ಲಿ ಪಾಠ ನೋಡಿ ಒಪ್ಪಬೇಕು. ಒಪ್ಪದಿದ್ದರೆ ಮಕ್ಕಳು ಶಾಲೆಗೆ, ನಾವು ಮಹಡಿಗೆ.

ಗಣಿತ ಮಗಳ ಪಾಲಿಗೆ, ವಿಜ್ಞಾನ ಅಳಿಯನ ಪಾಲಿಗೆ, ಇತಿಹಾಸ ನನ್ನ ಪಾಲಿಗೆ ಬಂತು. ಐರ್ಲೆಂಡಿನ ಇತಿಹಾಸ ನನಗೆ ಬರದು. ನಮ್ಮ ದೇಶದ ರಾಜವಂಶಗಳನ್ನು ಶುರುಮಾಡಿದ ಕೂಡಲೇ ಎಂಟು ವರ್ಷದ ಮೊಮ್ಮಗ ಸೋಫಾದ ಹಿಂದೆ ಸೇರಿಕೊಂಡ. ಉಳಿದದ್ದು ಬಿ.ಎ. ಕೊನೆಯ ವರ್ಷದವರಿಗೆ ನಾನು ಬರೆಸುತ್ತಿದ್ದ ಅಮೆರಿಕದ ಇತಿಹಾಸ, ಹತ್ತೊಂಬತ್ತನೇ ಶತಮಾನ. ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಪಾಯಿಂಟ್ ಸಮೇತ ಹೇಳಬಲ್ಲೆ.

ಹಾಜರಿ

ಹಾಜರಿ ಕೂಗದೆ ಪಾಠ ಶುರುಮಾಡಿದರೆ ನನಗೆ ಚಪ್ಪಲಿ ಹಾಕದೆ ಬೀದಿಗೆ ಬಂದಂತಾಗುತ್ತದೆ. ತರಗತಿಯಲ್ಲಿ ಇದ್ದದ್ದೇ ಮೂವರು. ರೋಲ್ ನಂಬರ್ ಒಂದು, ಹನ್ನೊಂದು ವರ್ಷದ ಮೊಮ್ಮಗಳು. ಎರಡು, ಮೊಮ್ಮಗ. ಮೂರು, ನನ್ನ ಹೆಂಡತಿ. ಮನೆಯಲ್ಲಿ ಬೇರೆ ಕೂರುವ ಜಾಗವಿಲ್ಲದ್ದರಿಂದ ಅವಳೂ ವಿದ್ಯಾರ್ಥಿನಿಯಾದಳು.

ಇಲ್ಲೇ ಹುಟ್ಟಿದ ಮಕ್ಕಳು. ಕನ್ನಡ ಅರ್ಥವಾಗುತ್ತದೆ, ಉತ್ತರ ಮಾತ್ರ ಐರಿಷ್ ರಾಗದ ಇಂಗ್ಲಿಷಿನಲ್ಲಿ. ಪಾಠ ಹೇಗಿದೆ ಎಂದರೆ "ಗ್ರ್ಯಾಂಡ್, ತಾತ" ಅನ್ನುತ್ತಾರೆ. ಮೊದಲು ಹಿಗ್ಗಿದೆ. ಆಮೇಲೆ ನೋಡಿದರೆ, ಉಪ್ಪು ಮರೆತ ಸಾರಿಗೂ ಅದನ್ನೇ ಅಂದರು.

ಒಂದು ದಿನ ಹಾಜರಿ ಕೂಗುತ್ತಾ ತಲೆ ಬಗ್ಗಿಸಿದ್ದೆ. ಮೂರು ಎಂದೆ. "ಬಂದಿದೀನ್ರೀ" ಎಂಬ ಉತ್ತರ ಬಂತು, ಗುರುತು ಹಾಕಿದೆ. ಅಷ್ಟರಲ್ಲಿ ಹೆಂಡತಿ ಅಡುಗೆಮನೆಯಿಂದ ಒಗ್ಗರಣೆ ಸೌಟು ಹಿಡಿದುಕೊಂಡು ಬಂದಳು. ಸೋಫಾದಲ್ಲಿ ಮೊಮ್ಮಗಳು ಬಾಯಿಗೆ ಕೈ ಅಡ್ಡ ಹಿಡಿದು ಕೂತಿದ್ದಳು. ಆ ಹುಡುಗಿ ಅಲ್ಲಿಯವರೆಗೆ ನನ್ನ ಹತ್ತಿರ ಒಂದು ವಾಕ್ಯ ಕನ್ನಡ ಆಡಿದವಳಲ್ಲ. ಮೊದಲ ಸಲ ಆಡಿದ್ದು ಪ್ರಾಕ್ಸಿ ಹಾಕುವುದಕ್ಕೆ.

ಐದನೇ ಕಾರಣ

ನನ್ನದು ಮೈಕಿಲ್ಲದೆ ಕೊನೆಯ ಬೆಂಚಿಗೆ ಮುಟ್ಟುವ ಗಂಟಲು. ಮಂಡ್ಯದಲ್ಲಿ ಪಕ್ಕದ ತರಗತಿಯ ಅರ್ಥಶಾಸ್ತ್ರದ ಹುಡುಗರೂ ನನ್ನ ಪಾಠ ಕೇಳಿ ಇತಿಹಾಸದಲ್ಲಿ ಪಾಸಾಗುವಷ್ಟು ಕಲಿತಿದ್ದರು. ಟಾಲಾದ ಮನೆಯ ಗೋಡೆಗಳೋ, ರಟ್ಟು. ಮೇಲೆ ಪುಟ್ಟ ಕೋಣೆಯಲ್ಲಿ ಅಳಿಯನ ಆಫೀಸು. ಮೊದಲು ಗ್ರ್ಯಾಂಡ್ ಕೆನಾಲ್ ಡಾಕ್ ಎಂಬಲ್ಲಿ ಗಾಜಿನ ಆಫೀಸು ಕಟ್ಟಡಕ್ಕೆ ಹೋಗುತ್ತಿದ್ದವನು ಈಗ ಇಸ್ತ್ರಿ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಅಮೆರಿಕದ ಬಾಸ್ ಜೊತೆ ಮೀಟಿಂಗ್ ಮಾಡುತ್ತಿದ್ದ.

ಅಂದು ನಾನು ಅಂತರ್ಯುದ್ಧ ಮುಗಿಸುತ್ತಿದ್ದೆ. ದಕ್ಷಿಣದವರು ಸೋತದ್ದಕ್ಕೆ ಐದು ಕಾರಣಗಳು. ಕಾರ್ಖಾನೆಗಳಿರಲಿಲ್ಲ, ರೈಲು ಕಡಿಮೆ, ಜನ ಕಡಿಮೆ, ಬಂದರುಗಳಿಗೆ ದಿಗ್ಬಂಧನ. ಇಂಗ್ಲಿಷಿನಲ್ಲೇ ಹೇಳುತ್ತಿದ್ದೆ, ಒಂದೊಂದನ್ನೂ ಎರಡೆರಡು ಸಲ. ನಾಲ್ಕು ಮುಗಿಯುವ ಹೊತ್ತಿಗೆ ಅಳಿಯ ಮೆಟ್ಟಿಲು ಧಡಧಡ ಇಳಿದು ಬಂದ. ಮೇಲೆ ಶರ್ಟು, ಕೆಳಗೆ ಲುಂಗಿ. ನನ್ನ ಕಥೆ ಮುಗಿಯಿತು ಅಂದುಕೊಂಡು ದನಿ ತಗ್ಗಿಸಿದೆ. ಅಳಿಯ ಉಸಿರು ಬಿಡುತ್ತಾ ಹೇಳಿದ.

"ಮಾವ, ನಮ್ ಬಾಸ್ ದಕ್ಷಿಣದೋರಂತೆ. ಐದನೇ ಕಾರಣ ಏನು ಅಂತ ಕೇಳ್ತಾವ್ರೆ."

ಅಜ್ಜಿಯ ಗಾಡಿ

ಪಶ್ಚಿಮಕ್ಕೆ ವಲಸೆ ಹೋದವರ ಪಾಠಕ್ಕೆ ಸೋಫಾವನ್ನೇ ಎತ್ತಿನ ಗಾಡಿ ಮಾಡಿದೆ. ತಿಂಗಳುಗಟ್ಟಲೆ ಪ್ರಯಾಣ, ಗಾಡಿಯಲ್ಲಿ ಜಾಗ ಕಡಿಮೆ, ಏನೇನು ತಗೊಂಡು ಹೋಗುತ್ತೀರಿ ಹೇಳಿ ಎಂದೆ. ಮೊಮ್ಮಗಳು ಹಿಟ್ಟು, ನೀರು, ಕಂಬಳಿ ಅಂದಳು. ಮೊಮ್ಮಗ ಬಂದೂಕು ಮತ್ತು ನಾಯಿ ಅಂದ.

ಹೆಂಡತಿ ಎದ್ದು ಒಳಗೆ ಹೋದಳು. ಬಂದಾಗ ಕೈಯಲ್ಲಿ ಪ್ರೆಶರ್ ಕುಕ್ಕರಿತ್ತು. ಅದರೊಳಗೆ ಹುಣಸೆಹಣ್ಣು, ಅದರ ಸಂದಿಯಲ್ಲಿ ಮೆಂತ್ಯದ ಪೊಟ್ಟಣ, ಖಾಲಿ ಜಾಗ ಬಿಡಬಾರದೆಂದು ಮಧ್ಯೆ ಸುತ್ತಿಟ್ಟ ಕಾಲುಚೀಲ. ವಿಮಾನ ಹತ್ತುವ ಮುಂಚೆ ನಾವು ಸೂಟ್‌ಕೇಸ್ ತುಂಬಿದ ಕ್ರಮವೇ ಅದು. ಆಮೇಲೆ ರಾಗಿ ಹಿಟ್ಟು, ಉಪ್ಪಿನಕಾಯಿ, ಹಪ್ಪಳ, ಈಳಿಗೆಮಣೆ. ಸೋಫಾದಲ್ಲಿ ಮಕ್ಕಳಿಗೆ ಜಾಗ ಇಲ್ಲದಂತಾಯಿತು. ಅಮೆರಿಕದಲ್ಲಿ ಈಳಿಗೆಮಣೆ ಯಾಕೆ ಎಂದು ಕೇಳಿದೆ. ಅಲ್ಲಿ ಹೋಗಿ ಯಾರನ್ನ ಕೇಳ್ಲಿ ಅಂದಳು.

ದಾರಿಯಲ್ಲಿ ಹಸಿವಿನಿಂದ ಎಷ್ಟೋ ಜನ ಸತ್ತರೆಂದು ನಾನು ಪಾಠ ಮುಂದುವರಿಸಿದೆ. ಮೊಮ್ಮಗಳು ಅಜ್ಜಿಯ ಗಾಡಿಯನ್ನು ಒಮ್ಮೆ ನೋಡಿ, ಈ ಗಾಡಿಯಲ್ಲಿ ಯಾರೂ ಸಾಯುವುದಿಲ್ಲ ಎಂದಳು. ಸ್ವಲ್ಪ ಯೋಚಿಸಿ, ಎತ್ತುಗಳನ್ನು ಬಿಟ್ಟು ಎಂದು ಸೇರಿಸಿದಳು.

ಮಾರಾಟಕ್ಕಿಲ್ಲ

ಗುಲಾಮಗಿರಿಯ ಪಾಠವನ್ನು ಮಾತ್ರ ನಗುತ್ತಾ ಮಾಡಲು ಬರುವುದಿಲ್ಲ. ಸಂತೆಯಲ್ಲಿ ಮನುಷ್ಯರನ್ನು ಮಾರುತ್ತಿದ್ದರು, ಒಂದೇ ಮನೆಯವರನ್ನು ಬೇರೆ ಬೇರೆ ಯಜಮಾನರು ಕೊಳ್ಳುತ್ತಿದ್ದರು ಎಂದೆ. ಅಮ್ಮಂದಿರನ್ನೂ ಮಾರುತ್ತಿದ್ದರಾ ಎಂದು ಮೊಮ್ಮಗ ಕೇಳಿದ. ಹೌದಪ್ಪ ಎಂದೆ. ಅವನು ಪೆನ್ಸಿಲ್ ಕೆಳಗಿಟ್ಟು ಮಹಡಿ ಹತ್ತಿ ಹೋದ. ನಾನು ಕರೆಯಲಿಲ್ಲ.

ಮಹಡಿಯಲ್ಲೇ ತನ್ನ ಆಫೀಸು ಕೆಲಸ ಮಾಡುತ್ತಿದ್ದ ಮಗಳು ಸಂಜೆ ಇಳಿದು ಬಂದು, ಏನಪ್ಪಾ ಹೇಳ್ಕೊಟ್ಟೆ ಇವನಿಗೆ ಎಂದು ಕೇಳಿದಳು. ದೊಡ್ಡ ಮೀಟಿಂಗಿನ ಮಧ್ಯೆ ಬಂದು ಅವಳ ಮಡಿಲಲ್ಲಿ ಕೂತನಂತೆ. ಪರದೆಯ ಮೇಲಿದ್ದವರೆಲ್ಲ ಹಾಯ್ ಎಂದರಂತೆ. ಇವನು ಒಬ್ಬೊಬ್ಬರನ್ನೂ ದಿಟ್ಟಿಸಿ ನೋಡಿ, ಇವರು ನಮ್ಮಮ್ಮ, ಮಾರಾಟಕ್ಕಿಲ್ಲ ಎಂದನಂತೆ. ಮಗಳು ಕಣ್ಣೊರೆಸಿಕೊಂಡು ನಕ್ಕಳು. ಅವಳ ಸಂಬಳ ಹೆಚ್ಚಿಸುವ ಮಾತಿಗೆ ಕರೆದಿದ್ದ ಮೀಟಿಂಗಂತೆ ಅದು.

ಬಲಗೈ, ಎಡಗೈ

ಅಧಿಕಾರಿ ವಿಡಿಯೋದಲ್ಲಿ ಬರುವ ದಿನ ಗೊತ್ತಾಯಿತು. ನನ್ನ ಎದೆಯ ಸ್ಟೆಂಟ್ ತನ್ನ ಇರವನ್ನು ನೆನಪಿಸತೊಡಗಿತು. ಹೆಂಡತಿ ಆಗಲೇ ಮಹಡಿಯ ರೂಮಿಗೆ ಎರಡು ಲೋಟ, ಒಂದು ಚೊಂಬು ಸಾಗಿಸಿದ್ದಳು, ಯಾವುದಕ್ಕೂ ಇರಲಿ ಎಂದು.

ನಮ್ಮ ಕಡೆ ಶಾಲೆಗೆ ಇನ್ಸ್‌ಪೆಕ್ಟರ್ ಬರುವಾಗ ಮೇಷ್ಟ್ರುಗಳು ಮಾಡುವ ಹಳೆಯ ಉಪಾಯವೊಂದಿದೆ. ಪ್ರಶ್ನೆ ಕೇಳಿದಾಗ ಎಲ್ಲರೂ ಕೈಯೆತ್ತಬೇಕು. ಉತ್ತರ ಗೊತ್ತಿದ್ದವರು ಬಲಗೈ, ಗೊತ್ತಿಲ್ಲದವರು ಎಡಗೈ. ಮೇಷ್ಟ್ರು ಬಲಗೈ ನೋಡಿ ಎಬ್ಬಿಸುತ್ತಾರೆ, ಇನ್ಸ್‌ಪೆಕ್ಟರ್ ತಲೆದೂಗುತ್ತಾರೆ. ಮಕ್ಕಳಿಗೆ ಇದನ್ನು ವಾರವಿಡೀ ರೂಢಿ ಮಾಡಿಸಿದೆ.

ಅಧಿಕಾರಿ ನರೆಗೂದಲಿನ ಐರಿಷ್ ಹೆಂಗಸು, ಕೈಯಲ್ಲಿ ಚಹಾದ ಕಪ್ಪು. ನಾನು ಲ್ಯಾಪ್‌ಟಾಪಿನ ಮುಂದೆ, ವಿದ್ಯಾರ್ಥಿಗಳು ನನ್ನ ಹಿಂದೆ ಸೋಫಾದಲ್ಲಿ. ತಿರುಗಿ ನೋಡಿದರೆ ಅಸಭ್ಯವೆಂದು ಅವರನ್ನು ಪರದೆಯಲ್ಲೇ ನೋಡುತ್ತಿದ್ದೆ. ಅಧಿಕಾರಿ ಕೇಳಿದರು, ದಕ್ಷಿಣದ ರಾಜ್ಯಗಳು ಯಾಕೆ ಬೇರೆಯಾದವು? ಎರಡು ಕೈ ಎದ್ದವು. ನನ್ನ ಹೆಂಡತಿಯೂ ಎತ್ತಿದ್ದರಿಂದ ಮೂರಾದವು. ಮೊಮ್ಮಗನದು ಬಲಗೈ. ಹೆಮ್ಮೆಯಿಂದ ಅವನ ಕಡೆ ಬೆರಳು ಮಾಡಿದೆ.

ಪರದೆಯಲ್ಲಿ ನಮ್ಮನ್ನು ನಾವು ಕನ್ನಡಿಯಲ್ಲಿ ಕಂಡಂತೆ ಕಾಣುತ್ತೇವೆ, ಎಡವೇ ಬಲ. ಇದನ್ನು ಯಾರೂ ನನಗೆ ಹೇಳಿರಲಿಲ್ಲ.

ಮೊಮ್ಮಗ ಕಂಗಾಲಾದ. ನನಗೆ ಗೊತ್ತಿಲ್ಲ, ಅದಕ್ಕೇ ಎಡಗೈ ಎತ್ತಿದೆ, ಗೊತ್ತಿಲ್ಲದಿದ್ದರೆ ಎಡಗೈ ಅಂತ ತಾತನೇ ಹೇಳಿಕೊಟ್ಟಿದ್ದು ಎಂದು ಚೊಕ್ಕ ಇಂಗ್ಲಿಷಿನಲ್ಲಿ ವಿವರಿಸಿದ. ಹೆಂಡತಿ ಮೆಲ್ಲಗೆ ತನ್ನ ಕೈ ಇಳಿಸಿದಳು. ನನಗೆ ಮಹಡಿಯ ಚೊಂಬು ಕಣ್ಣ ಮುಂದೆ ಬಂತು.

ಅಧಿಕಾರಿ ಕಪ್ಪು ಕೆಳಗಿಟ್ಟು, ಹಾಗಾದರೆ ನೀನು ಶಾಲೆಗೆ ಹೋಗುವುದೇ ಒಳ್ಳೆಯದಲ್ಲವಾ ಎಂದು ಮೃದುವಾಗಿ ಕೇಳಿದರು. ಮೊಮ್ಮಗ ಬೆನ್ನು ನೆಟ್ಟಗೆ ಮಾಡಿ, ನಾನು ಬರೆಸಿದ ಧಾಟಿಯಲ್ಲೇ ಶುರುಮಾಡಿದ. ದೂರದ ಕಾರಣ, ವೈರಸ್. ತಕ್ಷಣದ ಕಾರಣ, ತಾತನ ಹಾರ್ಟ್. ಪರಿಣಾಮ ಒಂದು, ತಾತ ಅಜ್ಜಿ ಮಹಡಿಯಲ್ಲಿ. ಪರಿಣಾಮ ಎರಡು... ಅವನಿಗೆ ಅಲ್ಲಿಗೆ ಅಳು ಬಂತು. ಪಕ್ಕದಲ್ಲಿದ್ದ ಅಕ್ಕ ಅವನ ಕೈ ಹಿಡಿದುಕೊಂಡಳು. ನಾನು ಕನ್ನಡಕ ತೆಗೆದು ಒರೆಸಿದೆ.

ಅಧಿಕಾರಿ ಏನೋ ಬರೆದುಕೊಂಡರು. ಆಮೇಲೆ ಮೊಮ್ಮಗಳನ್ನು ಅದೇ ಮೊದಲಿನ ಪ್ರಶ್ನೆ ಕೇಳಿದರು. ಅವಳು ಗುಲಾಮಗಿರಿಯಿಂದ ಶುರುಮಾಡಿ ಎಲ್ಲ ಹೇಳಿದಳು. ಕಾಲ್ ಮುಗಿಯುವ ಮುಂಚೆ ಮೊಮ್ಮಗ ಮೂಗು ಒರೆಸಿಕೊಂಡು, ನಾವು ಪಾಸಾದರೆ ಬಲಗೈ ಎತ್ತಿ, ಇಲ್ಲದಿದ್ದರೆ ಎಡಗೈ ಎಂದ. ಅವರು ನಕ್ಕು, ಬರೆದು ತಿಳಿಸುತ್ತೇನೆ ಎಂದು ಒಂದು ಕೈ ಎತ್ತಿದರು. ಪರದೆ ಆರಿತು.

ಯಾವ ಕೈ? ಮನೆಯಲ್ಲಿ ಅಂತರ್ಯುದ್ಧ ಹತ್ತಿಕೊಂಡಿತು. ಎಡಗೈ ಎಂದು ನಾನು ಮತ್ತು ಮೊಮ್ಮಗ, ಬಲಗೈ ಎಂದು ಹೆಂಡತಿ ಮತ್ತು ಮೊಮ್ಮಗಳು. ಕಪ್ಪು ಯಾವ ಕಡೆ ಇತ್ತು, ವಾಚು ಯಾವ ಕೈಯಲ್ಲಿತ್ತು, ಅವರ ಕಡೆಯಿಂದ ನೋಡಬೇಕೋ ನಮ್ಮ ಕಡೆಯಿಂದಲೋ, ಊಟದ ಹೊತ್ತಿನಲ್ಲೂ ಇದೇ. ಹೆಂಡತಿ ಒಂದು ದಿನ ನನಗೆ ಮುದ್ದೆ ಬಡಿಸಿ ಸಾರು ಬಡಿಸಲಿಲ್ಲ, ಅಷ್ಟು ದೂರ ಹೋಯಿತು.

ಕೊನೆಗೆ ಒಪ್ಪಿಗೆ ಬಂತು. ಮಗಳು ಫೋನಿಗೆ ಬಂದ ಇಮೇಲ್ ಓದಿ ಹೇಳಿದಳು. ಮಕ್ಕಳು ಕುಣಿದರು, ಹೆಂಡತಿ ಚೊಂಬು ಕೆಳಗೆ ತಂದಳು. ಬಂದವಳೇ ನನ್ನ ಮುಂದೆ ನಿಂತು, ನೋಡುದ್ರಾ, ಬಲಗೈಯೇ ಅಂತ ನಾನು ಅವತ್ತೇ ಹೇಳಿರ್ಲಿಲ್ವಾ ಎಂದಳು. ನಾನು ಸೋಲೊಪ್ಪಿಕೊಂಡೆ.

ಮೆಟ್ಟಿಲ ಮೇಲೆ ನಿಂತಿದ್ದ ಅಳಿಯ ಗಂಟಲು ಸರಿಮಾಡಿಕೊಂಡ.

"ಅತ್ತೆ, ಮಾವ, ನಾನು ಅವತ್ತು ಇಲ್ಲೇ ನಿಂತು ನೋಡ್ತಿದ್ದೆ. ಅವರು ಕೈ ಎತ್ತಿದ್ದಲ್ಲ. ಟಾಟಾ ಮಾಡಿದ್ದು."