ವರ್ಗಾವಣೆಯ ದಿನ ವೈಫೈ ಹೋಯಿತು

ಎಲ್ಲ ಅನಾಹುತಕ್ಕೂ ಕಾರಣ ಒಂದೇ ಒಂದು 'ಹೌದು'. ಬೆಳಿಗ್ಗೆ ಲೈಬ್ರರಿಯ ಲ್ಯಾಪ್‌ಟಾಪ್, "ಅಪ್‌ಡೇಟ್ ಬಂದಿದೆ, ಹಾಕಲೇ?" ಎಂದು ವಿನಯದಿಂದ ಕೇಳಿತು. ಯಾರಿಗೂ ಇಲ್ಲವೆಂದು ಹೇಳಿ ಅಭ್ಯಾಸವಿಲ್ಲದ ಗ್ರಂಥಪಾಲಕ ಹೌದು ಒತ್ತಿದ. ಯಂತ್ರ ಮತ್ತೆ ಎದ್ದಾಗ ವೈಫೈ ಗುರುತು ಮಾಯವಾಗಿತ್ತು.

ಬೇರೆ ದಿನವಾಗಿದ್ದರೆ ಚಿಂತೆಯಿರಲಿಲ್ಲ. ಆದರೆ ಅಂದು ಮೂರು ಗಂಟೆಗೆ ಅವನ ವರ್ಗಾವಣೆಯ ಆನ್‌ಲೈನ್ ವಿಚಾರಣೆ. ಅದು ಇದೇ ಲ್ಯಾಪ್‌ಟಾಪಿನಲ್ಲಿ, ಇದೇ ಲೈಬ್ರರಿಯ ವೈಫೈಯಲ್ಲಿ ಮಾತ್ರ ತೆರೆಯುತ್ತಿತ್ತು. ಕಾಣಿಸದವರ ಅರ್ಜಿ ವಜಾ. ಹೆಂಡತಿ, ಮಗಳು ಇರುವ ಊರು ಸೇರಲು ಅವನು ಐದು ವರ್ಷದಿಂದ ಒದ್ದಾಡುತ್ತಿದ್ದ. ಹೋದ ಸಲ ರಜೆಯಲ್ಲಿ ಹೋಗಿದ್ದಾಗ ಪುಟ್ಟ ಮಗಳು ಅವನನ್ನು, "ನಿಮ್ಮ ಮನೆಗೆ ಯಾವಾಗ ಹೋಗ್ತೀರಿ?" ಎಂದು ನೆಂಟರನ್ನು ಕೇಳುವಂತೆ ಕೇಳಿದ್ದಳು.

ಅದು ಲಿನಕ್ಸ್ ಯಂತ್ರ. ಕಪ್ಪು ಪರದೆ ತೆರೆದು ಒಂದೊಂದೇ ಆಜ್ಞೆ ಕುಟ್ಟಿ ನೋಡಿದ. ವೈಫೈ ಕಾರ್ಡನ್ನು ನಡೆಸುವ ಹಳೇ ತಂತ್ರಾಂಶ, ಅಂದರೆ ಡ್ರೈವರ್, ಹೊಸ ಅಪ್‌ಡೇಟಿಗೆ ಹೊಂದುತ್ತಿಲ್ಲ. ಹೊಸ ಡ್ರೈವರ್ ಇಂಟರ್ನೆಟ್ಟಿನಲ್ಲಿದೆ, ಇಂಟರ್ನೆಟ್ ಬರಲು ಡ್ರೈವರ್ ಬೇಕು. ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು.

ಪೇಪರ್ ಓದುತ್ತಿದ್ದವರೆಲ್ಲ ರೋಗಿಯ ಮಂಚ ಸುತ್ತುವರಿದಂತೆ ಮೇಜಿನ ಸುತ್ತ ನಿಂತರು. ಲೈಬ್ರರಿಯಾದ್ದರಿಂದ ಸಲಹೆಗಳೆಲ್ಲ ಪಿಸುಮಾತಿನಲ್ಲೇ ಬಂದವು.

"ಆಫ್ ಮಾಡಿ ಆನ್ ಮಾಡ್ರಿ," ಎಂದರು ನಿವೃತ್ತ ಮೇಷ್ಟ್ರು.

"ನಾಲ್ಕು ಸಲ ಮಾಡಿದೆ ಮೇಷ್ಟ್ರೇ."

"ಐದನೇದು ಮಾಡಿ. ನನ್ನ ಶಿಷ್ಯರು ಎಷ್ಟೋ ಜನ ಐದನೇ ಸಲಕ್ಕೇ ಪಾಸಾಗಿದ್ದು."

"ನಮ್ಮ ಹೊಲಿಗೆ ಮಷಿನ್ ನಿಂತ್ರೆ ಎರಡು ತೊಟ್ಟು ಎಣ್ಣೆ ಬಿಡ್ತೀನಪ್ಪ," ಎಂದು ಟೈಲರಮ್ಮ ಕೈಚೀಲಕ್ಕೆ ಕೈಹಾಕಿದರು. ಗ್ರಂಥಪಾಲಕ ಲ್ಯಾಪ್‌ಟಾಪನ್ನು ಎರಡೂ ಕೈಯಲ್ಲಿ ಮುಚ್ಚಿಕೊಂಡ.

"ಬೇಡ ಅಂದ್ರೆ ಬಿಡಿ. ಫೋನಿಗೆ ವೈರ್ ಹಾಕಿ ಇಂಟರ್ನೆಟ್ ತಗೋಬಾರದಾ? ನಮ್ಮ ಮಗಳು ಹಾಗೇ ಮಾಡ್ತಾಳೆ."

ಅವನಿಗೆ ನಾಚಿಕೆಯೂ ಸಂತೋಷವೂ ಒಟ್ಟಿಗೇ ಆದವು. ವೈರ್ ಸಿಕ್ಕಿಸಿ ಡ್ರೈವರ್ ಇಳಿಸಿದ. ಎರಡು ಸಲ ತಪ್ಪಾಗಿ, ಮೂರನೆಯ ಸಲ ಅದು ಕೂತಿತು. ವೈಫೈ ಗುರುತು ಬಂತು, ಆದರೆ ಲೈಬ್ರರಿಯ ವೈಫೈ ಹೆಸರೇ ಕಾಣಲಿಲ್ಲ. ಆಗ ಎರಡೂ ಮುಕ್ಕಾಲು.

ಜವಾನ ಮೆಲ್ಲಗೆ ಕೆಮ್ಮಿದ. "ಆ ಗೋಡೆ ಮೇಲಿನ ವೈಫೈ ಡಬ್ಬಿ ತುಂಬಾ ಧೂಳು ಹಿಡಿದಿತ್ತು ಸಾರ್. ಒದ್ದೆ ಬಟ್ಟೇಲಿ ಒರೆಸಿ ಬಿಸಿಲಿಗೆ ಇಟ್ಟಿದೀನಿ."

ಎಲ್ಲರೂ ಅಂಗಳಕ್ಕೆ ಓಡಿದರು. ಬಿಸಿಯಾಗಿದ್ದ ರೂಟರನ್ನು ಮಗುವಿನಂತೆ ಎತ್ತಿ ತಂದು ಗೋಡೆಗೆ ಹಾಕಿದರು. ಮೂರಕ್ಕೆ ಒಂದು ನಿಮಿಷವಿರುವಾಗ ಪರದೆಯ ಮೇಲೆ ಹಿರಿಯ ಅಧಿಕಾರಿಯ ಮುಖ ಮೂಡಿತು.

"ನಿಮ್ಮ ಬೇಡಿಕೆ ನ್ಯಾಯವಾಗಿದೆ. ಮಂಜೂರು ಮಾಡೋಣ," ಎಂದು ಅವರು ಪೆನ್ನು ಎತ್ತಿದರು. ಗ್ರಂಥಪಾಲಕನ ಕಣ್ಣು ತುಂಬಿ ಬಂತು.

ಮೇಷ್ಟ್ರಿಗೆ ತಡೆಯಲಾಗಲಿಲ್ಲ. ಪರದೆಯೆದುರು ತಲೆ ತೂರಿಸಿದರು. "ಇಂಥ ಕೆಲಸಗಾರರು ಅಪರೂಪ ಸಾರ್! ಸತ್ತುಹೋದ ವೈಫೈನ ಕೂತು ಬದುಕಿಸಿಬಿಟ್ರು!"

ಪೆನ್ನು ನಿಂತಿತು. "ಹೌದಾ? ಇವತ್ತು ಕರೆದ ಹನ್ನೆರಡು ಜನದಲ್ಲಿ ಬಂದಿದ್ದು ನೀವೊಬ್ಬರೇ. ನಮ್ಮ ಲೈಬ್ರರಿಯ ಶಾಖೆ ಶಾಖೆಯಲ್ಲೂ ಇದೇ ಕಾಯಿಲೆ. ನಾಳೆಯಿಂದ ನೀವೇ ಊರೂರಿಗೆ ಹೋಗಿ ಸರಿಮಾಡಿ. ವರ್ಗಾವಣೆ ಆಮೇಲೆ ನೋಡೋಣ."

ಗ್ರಂಥಪಾಲಕ ಪರದೆಯ ಹತ್ತಿರಕ್ಕೆ ಬಾಗಿದ. "ಹಾಗಾದ್ರೆ ನನ್ನ ಹೆಂಡತಿ ಇರೋ ಊರಿಗೂ ಹೋಗಬೇಕಲ್ವಾ ಸಾರ್?"

ಅಧಿಕಾರಿ ಪಟ್ಟಿಯ ಮೇಲೆ ಬೆರಳಾಡಿಸಿ ಪ್ರಸನ್ನರಾದರು. "ಇಲ್ಲ ಇಲ್ಲ, ಅಲ್ಲೊಂದು ಕಡೆ ಎಲ್ಲಾ ಸರಿಯಾಗಿದೆ. ಅಷ್ಟು ತಿರುಗಾಟ ನಿಮಗೆ ಉಳೀತು."

ಮೇಷ್ಟ್ರು ಹೆಮ್ಮೆಯಿಂದ ಅವನ ಕೈಕುಲುಕಿದರು. ಅವನು ಅಧಿಕಾರಿಗೆ ಥ್ಯಾಂಕ್ಸ್ ಹೇಳಿ, ಅವರಿಗೂ ಹೇಳಿದ.