ಹಾಡಿನ ಡಬ್ಬಿಗೆ ಹಲ್ಲಿನ ಡಾಕ್ಟರು

“ಬ್ಯಾಟರಿ ಬದಲಾಯಿಸೋಕೂ ಒಂದು ಅಂಗಡಿಯಾ? ಅಡ್ಡಡ್ಡ ಬೆಳೆದ ಬುದ್ಧಿಹಲ್ಲನ್ನೇ ಕಿತ್ತ ಕೈ ಕಣೇ ಇದು!”

ಹಲ್ಲಿನ ಡಾಕ್ಟರು ತಮ್ಮ ಬಲಗೈಯನ್ನು ಊಟದ ಮೇಜಿನ ಮೇಲೆ ಚಾಚಿದರು. ಆ ಮಹಿಮಾನ್ವಿತ ಕೈಯನ್ನು ಹೆಂಡತಿ ಎಲ್ಲ ಕಡೆಯಿಂದಲೂ ನೋಡಿ ಧನ್ಯಳಾಗಲಿ ಎಂದು ಒಮ್ಮೆ ತಿರುಗಿಸಿಯೂ ತೋರಿಸಿದರು. ಹೆಂಡತಿ ನೋಡಿದಳು. ನೋಡಿ, ನೀರಿನ ಲೋಟವನ್ನು ಆ ಕೈಯಿಂದ ಸ್ವಲ್ಪ ದೂರಕ್ಕೆ ಸರಿಸಿದಳು.

ಆಕೆ ಗ್ರಂಥಾಲಯದಲ್ಲಿ ಕೆಲಸ ಮಾಡುವವಳು, ಮಾತು ಕಮ್ಮಿ. ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡದಾದ ನೀಲಿ ಬಣ್ಣದ ಮ್ಯೂಸಿಕ್ ಪ್ಲೇಯರ್ ಒಂದು ಆಕೆಯ ಬಳಿ ಇತ್ತು. ಅದರಲ್ಲಿ ಹಾಡು ಹಾಕಿಕೊಂಡು, ಕಿವಿಗೆ ಇಯರ್‌ಫೋನ್ ಸಿಕ್ಕಿಸಿದರೆ ಆಕೆಗೆ ಲೋಕ ಬೇಡ. ಈಚೆಗೆ ಆ ಪ್ಲೇಯರಿಗೆ ವಯಸ್ಸಾಗಿ, ಎರಡನೇ ಹಾಡು ಮುಗಿಯುವುದರೊಳಗೆ ಪ್ರಾಣ ಬಿಡುತ್ತಿತ್ತು. ಗುರುವಾರದೊಳಗೆ ಸರಿಯಾಗಲೇಬೇಕು, ಅಂಗಡಿಗೆ ಕೊಟ್ಟುಬರುತ್ತೇನೆ ಎಂದು ಹೆಂಡತಿ ಹೇಳಿದ್ದೇ ಈ ಹಸ್ತಪ್ರದರ್ಶನಕ್ಕೆ ಕಾರಣ.

ಗುರುವಾರ ಯಾಕೆಂದು ಡಾಕ್ಟರಿಗೆ ಹೇಳಿಸಿಕೊಳ್ಳಬೇಕಾಗಿರಲಿಲ್ಲ. ಅವರ ಅಕ್ಕನ ಕಣ್ಣು ಪರೀಕ್ಷೆಗೆ ಆಗಾಗ ದೂರದ ದೊಡ್ಡಾಸ್ಪತ್ರೆಗೆ ಹೋಗಬೇಕು, ಬಸ್ಸಿನಲ್ಲಿ ಇಡೀ ಹಗಲು ಕೂರಬೇಕು; ಈ ಸಲದ ಸರದಿ ಗುರುವಾರ. ಅಕ್ಕನಿಗೆ ನೆಂಟರೆಲ್ಲ ಸೇರಿ ಇಟ್ಟ ಹೆಸರು ಮೈಕಕ್ಕ. ಬಸ್ಸು ಹೊರಡುವ ಮುಂಚೆ ಬಾಯಿ ತೆರೆದರೆ ಬಸ್ಸು ನಿಂತ ಮೇಲೂ ಮುಚ್ಚುವುದಿಲ್ಲ ಎಂದು ಪ್ರತೀತಿ. ಪ್ರತಿ ಸಲ ಜೊತೆಗೆ ಹೋಗುತ್ತಿದ್ದವಳು ಹೆಂಡತಿ. ಪಾಪ, ಆ ಮಾತಿನ ಮಳೆಯಲ್ಲಿ ಆಕೆಗಿದ್ದ ಒಂದೇ ಕೊಡೆ ಆ ನೀಲಿ ಡಬ್ಬಿ! ಇಂಥ ಪತಿವ್ರತೆಗೆ ಒಂದು ಬ್ಯಾಟರಿ ಹಾಕಿಕೊಡದಿದ್ದರೆ ತಾನು ಗಂಡನಾಗಿದ್ದೇನು ಫಲ ಎಂದು ಡಾಕ್ಟರ ಹೃದಯ ಉಕ್ಕಿ ಬಂತು.

“ಕೆಡಿಸಲ್ಲ ತಾನೇ?” ಎಂದಳು ಹೆಂಡತಿ.

ಆ ಒಂದು ಪ್ರಶ್ನೆಗೆ ಡಾಕ್ಟರು ಕೊಟ್ಟ ಉತ್ತರ ಊಟ ಮುಗಿದು, ಪಾತ್ರೆ ತೊಳೆದು, ದೀಪ ಆರಿಸುವ ತನಕ ನಡೆಯಿತು. ಬ್ಯಾಟರಿಯ ಇತಿಹಾಸ, ಲೋಹಗಳ ಗುಣ, ತಾವು ಕಾಲೇಜಿನಲ್ಲಿದ್ದಾಗ ಕೆಟ್ಟ ಗಡಿಯಾರವೊಂದನ್ನು ಹೆಚ್ಚುಕಮ್ಮಿ ಸರಿಮಾಡಿದ ಪ್ರಸಂಗ, ಯಾವುದನ್ನೂ ಅವರು ಬಿಡಲಿಲ್ಲ.

ಬುಧವಾರ ಮಧ್ಯಾಹ್ನ, ರೋಗಿಗಳಿಲ್ಲದ ಹೊತ್ತು ನೋಡಿ, ಕ್ಲಿನಿಕ್ಕಿನಲ್ಲಿ ಶಸ್ತ್ರಚಿಕಿತ್ಸೆ ಏರ್ಪಾಡಾಯಿತು. ಸ್ಟೀಲ್ ತಟ್ಟೆಯಲ್ಲಿ ಹತ್ತಿಯ ಹಾಸಿಗೆ, ಅದರ ಮೇಲೆ ಪ್ಲೇಯರ್, ನೆತ್ತಿಯ ಮೇಲೆ ದೊಡ್ಡ ದೀಪ. ಹೊಸ ಬ್ಯಾಟರಿಯ ಜೊತೆ ಬಂದಿದ್ದ ಸೂಚನೆಯ ಚೀಟಿಯನ್ನು ಡಾಕ್ಟರು ಓದದೆ ಮಡಿಸಿ, ಅಲುಗುತ್ತಿದ್ದ ಸ್ಟೂಲಿನ ಕಾಲಿನಡಿಗೆ ಇಟ್ಟರು. ಪಕ್ಕದಲ್ಲಿ ನರ್ಸಮ್ಮ ಚಿಮಟ ಹಿಡಿದು ನಿಂತರು.

“ಸ್ವಲ್ಪ ಒತ್ತಿದ ಹಾಗಾಗುತ್ತೆ, ನೋವಾಗಲ್ಲ,” ಎಂದು ಅಭ್ಯಾಸಬಲದಿಂದ ಪ್ಲೇಯರಿಗೆ ಧೈರ್ಯ ಹೇಳಿ ಡಾಕ್ಟರು ಮುಚ್ಚಳ ಎಬ್ಬಿದರು. ಮುಚ್ಚಳ ಬಂತು! ಒಳಗೆ ಹಳೇ ಬ್ಯಾಟರಿ ಒಸಡು ಊದಿದಂತೆ ಊದಿಕೊಂಡಿತ್ತು. ಅದನ್ನು ನಾಜೂಕಾಗಿ ಎತ್ತಿ, ಹೊಸದನ್ನು ಕೂರಿಸಿ, ಅದರ ತಂತಿಯ ತುದಿಯನ್ನು ಅದರ ಜಾಗಕ್ಕೆ ಒತ್ತಿದರು. ಪರದೆ ಬೆಳಗಿತು! ಹಾಡಿನ ಹೆಸರು ಮೂಡಿತು, ಸೆಕೆಂಡುಗಳು ಓಡತೊಡಗಿದವು.

ಅಲ್ಲಿಗೆ ಕೈ ತೊಳೆದುಕೊಂಡು ಎದ್ದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ಎಬ್ಬುವಾಗ ಅಂಚು ಮುರಿದಿದ್ದ ಮುಚ್ಚಳ ಕೂರಲೊಲ್ಲದು, ಸುತ್ತ ಸಣ್ಣ ಬಿರುಕು. ಡಾಕ್ಟರು ನಕ್ಕರು. ಜಗತ್ತಿನ ಬಿರುಕುಗಳನ್ನು ಮುಚ್ಚುವುದೇ ತಮ್ಮ ಕಸುಬಲ್ಲವೇ? ಹುಳುಕು ಹಲ್ಲಿಗೆ ತುಂಬುವ ಬಿಳಿ ಪೇಸ್ಟು ತೆಗೆದರು. ಅದನ್ನು ಮೆತ್ತಿ ನೀಲಿ ದೀಪ ಹಿಡಿದರೆ ಕಣ್ಣು ಮಿಟುಕಿಸುವುದರಲ್ಲಿ ಕಲ್ಲಾಗುತ್ತದೆ. ಮೆತ್ತುತ್ತಾ ಮೆತ್ತುತ್ತಾ, ಹಿಂದೊಮ್ಮೆ ಪೈಲ್ವಾನನೊಬ್ಬ ಈ ಕುರ್ಚಿಯಲ್ಲೇ ಸೂಜಿ ಕಂಡು ಮೂರ್ಛೆ ಹೋದ ಕಥೆಯನ್ನು ನರ್ಸಮ್ಮನಿಗೆ ಮತ್ತೊಮ್ಮೆ ಹೇಳತೊಡಗಿದರು. ನರ್ಸಮ್ಮ ನಡುವೆ ಒಂದೆರಡು ಸಲ “ಸಾರ್...” ಎಂದರು. ಕೆಲಸದ ಹೊತ್ತಿನಲ್ಲಿ ಮಾತಾಡಬಾರದೆಂದು ಡಾಕ್ಟರು ಅವರನ್ನು ಸುಮ್ಮನಾಗಿಸಿ, ತಾವು ಮುಂದುವರಿಸಿದರು.

ಪೈಲ್ವಾನ ಮೂರ್ಛೆಯಿಂದ ಎದ್ದ. ಡಾಕ್ಟರು ಕೊನೆಯ ಸಲ ನೀಲಿ ದೀಪ ಹಿಡಿದು, ಕೆಲಸವನ್ನು ನುಣ್ಣಗೆ ಉಜ್ಜಿ ಹೊಳಪು ಕೊಟ್ಟು ತಲೆ ಎತ್ತಿದರು.

“ಸಾರ್, ಇಯರ್‌ಫೋನ್ ಎಲ್ಲಿ ಚುಚ್ಚೋದು?” ಎಂದರು ನರ್ಸಮ್ಮ.

ಡಾಕ್ಟರು ನೋಡಿದರು. ಪ್ಲೇಯರಿನ ತಳದಲ್ಲಿ ದುಂಡಗೆ, ಕಪ್ಪಗೆ ಒಂದು ತೂತು ಇರಬೇಕಿತ್ತು. ಈಗ ಅಲ್ಲಿ ಮುತ್ತಿನಂಥ ಫಿಲ್ಲಿಂಗ್ ಇತ್ತು! ಕಪ್ಪು ತೂತು ಕಂಡರೆ ತುಂಬುವುದನ್ನು ಬಿಟ್ಟು ಬೇರೇನೂ ಕಲಿಯದ ಆ ಕೈ, ಯಜಮಾನರು ಪೈಲ್ವಾನನ ಜೊತೆಗಿದ್ದಾಗ ತನ್ನ ಪಾಡಿಗೆ ತಾನು ಕರ್ತವ್ಯ ನಿರ್ವಹಿಸಿತ್ತು. ಒಳಗೆ ಹಾಡು ಓಡುತ್ತಲೇ ಇತ್ತು, ಪರದೆಯ ಮೇಲೆ ಸೆಕೆಂಡುಗಳು ಎದ್ದು ಬೀಳುತ್ತಿದ್ದವು. ಹೊರಗೆ ಬರಲು ಮಾತ್ರ ಬಾಗಿಲಿರಲಿಲ್ಲ.

“ಏನು ಮಹಾ! ಕೊರೆದು ತೆಗೆದರಾಯಿತು,” ಎಂದರು ಡಾಕ್ಟರು. ಧ್ವನಿ ಸ್ವಲ್ಪ ಸಣ್ಣದಾಗಿತ್ತು.

ಹಲ್ಲು ಕೊರೆಯುವ ಯಂತ್ರಕ್ಕೆ ಒಂದು ಸದ್ಗುಣವಿದೆ. ಹಲ್ಲು ಬಿಸಿಯಾಗದಿರಲೆಂದು ತನ್ನಷ್ಟಕ್ಕೆ ನೀರು ಚಿಮ್ಮಿಸುತ್ತದೆ. ಚಿಮ್ಮಿಸಿತು. ಡಾಕ್ಟರು ಗಾಬರಿಯಿಂದ ಯಂತ್ರ ಎಸೆದು ಇಕ್ಕಳ ಹಿಡಿದರು. ಫಿಲ್ಲಿಂಗ್ ಅಲುಗಲಿಲ್ಲ. ಇಷ್ಟು ಗಟ್ಟಿ ಕೆಲಸ ಅವರು ಯಾವ ರೋಗಿಗೂ ಮಾಡಿಕೊಟ್ಟಿರಲಿಲ್ಲ! ಕಾಲನ್ನು ಕುರ್ಚಿಗೆ ಒತ್ತುಕೊಟ್ಟು ಎಳೆದಾಗ ಅದು ಬಂತು, ಬೇರುಸಮೇತ. ಹಿತ್ತಾಳೆಯ ಉಂಗುರ, ಎರಡು ತಂತಿ, ಒಳಗಿನ ಹಸಿರು ಸರ್ಕ್ಯೂಟ್ ಹಲಗೆಯ ಒಂದು ತುಂಡು, ಎಲ್ಲ ಕೈಗೆ ಬಂದವು. ಪರದೆ ಒಮ್ಮೆ ಮಿನುಗಿ ಕಪ್ಪಾಯಿತು. ನರ್ಸಮ್ಮ ತಟ್ಟೆಯ ಮೇಲೆ ಹತ್ತಿ ಮುಚ್ಚಿದರು.

ಅಂದು ಸಂಜೆ ಮನೆಯಲ್ಲಿ ಡಾಕ್ಟರು ಬಹಳ ಹೊತ್ತು ಮಾತಾಡಿದರು. ಮೂಲ ರೋಗ ಎಷ್ಟು ಹಳೆಯದು, ಬ್ಯಾಟರಿಯ ಮಟ್ಟಿಗೆ ಚಿಕಿತ್ಸೆ ಎಷ್ಟು ಪರಿಪೂರ್ಣವಾಗಿ ಯಶಸ್ವಿಯಾಗಿತ್ತು, ಇಂಥ ವಸ್ತುಗಳನ್ನು ಮಾಡುವವರಿಗೆ ಹೇಗೆ ಜವಾಬ್ದಾರಿಯೇ ಇಲ್ಲ, ಎಲ್ಲ ವಿವರಿಸಿದರು. ಹೆಂಡತಿ ಒಗೆದ ಬಟ್ಟೆ ಮಡಿಸುತ್ತಾ, ಬರಿಗಿವಿಯಲ್ಲಿ ಅಷ್ಟನ್ನೂ ಕೇಳಿದಳು.

“ಈಗ ಹಾಡುತ್ತಾ?”

“ಹಾಡ್ತಿತ್ತು,” ಎಂದರು ಡಾಕ್ಟರು.

ಆಕೆ ಕೊನೆಯ ಅಂಗಿ ಮಡಿಸಿದಳು. “ಸರಿ. ನಾಳೆ ಅತ್ತಿಗೆ ಜೊತೆ ನೀವೇ ಹೋಗಿಬನ್ನಿ. ನಾನು ರಜೆ ಹಾಕಿದೀನಿ, ಮನೇಲೇ ಇರ್ತೀನಿ.”

ಡಾಕ್ಟರು ಕೂತಲ್ಲಿಂದ ಎದ್ದರು. ರೋಗಿಗಳ ಗತಿ ಏನೆಂದರು. ಅವರನ್ನೆಲ್ಲ ಬೇರೆ ದಿನಕ್ಕೆ ಹಾಕುವಂತೆ ನರ್ಸಮ್ಮನಿಗೆ ಆಗಲೇ ಫೋನಾಗಿತ್ತು. ಒಬ್ಬಳೇ ಹೇಗಿರುತ್ತೀ, ಬೇಜಾರಾಗುವುದಿಲ್ಲವೇ ಎಂದರು. ಇಲ್ಲ ಎಂಬ ಉತ್ತರ, ಪ್ರಶ್ನೆ ಪೂರ್ತಿ ಮುಗಿಯುವ ಮೊದಲೇ ಬಂತು. ದುಃಖ ನುಂಗಿಕೊಳ್ಳುತ್ತಿದ್ದಾಳೆ ಎಂದುಕೊಂಡರು ಡಾಕ್ಟರು. ಬೆಳಿಗ್ಗೆ ಬಸ್‌ಸ್ಟ್ಯಾಂಡಿಗೆ ಬಂದು ಕೈಬೀಸಿದಾಗಲೂ ಆಕೆ ನಗುತ್ತಲೇ ಇದ್ದದ್ದನ್ನು ಕಂಡು ಅವರ ಕಣ್ಣು ತೇವವಾಯಿತು.

ಅಕ್ಕ ಕಿಟಕಿಯ ಪಕ್ಕ ಕೂತಳು. ಶಿಕ್ಷೆ ಶುರುವಾಗುವ ಮೊದಲು ತಪ್ಪೊಪ್ಪಿಕೊಂಡು ಹಗುರಾಗೋಣವೆಂದು ಡಾಕ್ಟರೇ ಬಾಯಿ ತೆರೆದರು. ಊರು ದಾಟಿತು, ಹೊಲಗಳು ಬಂದವು, ಕಂಡಕ್ಟರ್ ಟಿಕೆಟ್ ಕೊಟ್ಟು ಹಿಂದಕ್ಕೆ ಹೋಗಿ ಒಂದು ನಿದ್ದೆ ಮುಗಿಸಿದ. ಡಾಕ್ಟರ ಕಥೆಯಲ್ಲಿ ಪ್ಲೇಯರಿನ ಮುಚ್ಚಳ ಆಗಷ್ಟೇ ತೆರೆಯುತ್ತಿತ್ತು. ಅಕ್ಕ ಎರಡು ಸಲ ಏನೋ ಹೇಳಲು ಹೋಗಿ, ಸಂದು ಸಿಗದೆ ಸುಮ್ಮನಾದಳು.

ಕಡೆಗೂ ಬೇರುಸಮೇತ ಕಿತ್ತು ಬಂದ ಘಟ್ಟ ಮುಗಿಸಿ ಡಾಕ್ಟರು ನಿಟ್ಟುಸಿರು ಬಿಟ್ಟರು. “ಬೇಜಾರು ಮಾಡ್ಕೋಬೇಡ ಅಕ್ಕ. ದಾರಿಯುದ್ದಕ್ಕೂ ನಿನ್ನ ಮಾತು ತಡ್ಕೊಳ್ಳೋಕೆ ಪಾಪ ಅವಳಿಗೆ ಇದ್ದಿದ್ದು ಅದೊಂದೇ. ಅದನ್ನೂ ಹಾಳು ಮಾಡ್ಬಿಟ್ಟೆ.”

ಅಕ್ಕ ಕಿಟಕಿಯಿಂದ ತಮ್ಮನ ಕಡೆಗೆ ತಿರುಗಿದಳು.

“ಬಸ್ಸಲ್ಲಿ ಅವಳು ಅದನ್ನ ಚೀಲದಿಂದ ಈಚೆಗೇ ತೆಗೀತಿರ್ಲಿಲ್ಲ ಕಣೋ. ನಾವಿಬ್ರೂ ಹೋಗ್ತಾ ಬರ್ತಾ ಹರಟೇನೇ. ಒಂದ್ಸಲ ನಾನೇ ಕೇಳ್ದೆ, ಹಾಡು ಹಾಕ್ಕೊಳಲ್ವೇನೇ ಅಂತ. ‘ಇಲ್ಯಾಕೆ ಅತ್ತಿಗೆ, ಬ್ಯಾಟರಿ ಮುಗಿದುಹೋಗುತ್ತೆ. ಮನೆಗೆ ಹೋದ್ಮೇಲೆ ಬೇಕಲ್ಲ’ ಅಂದ್ಲು.”